ತುರಿಮಣೆಗೆ ಸಿಕ್ಕ ರಜೆ

ಕಳೆದ ಭಾನುವಾರ ಬೆಳಿಗ್ಗೆ ಆರೂವರೆ ಗಂಟೆಗೆ, ನಾನು ಬಯಸದೆ, ನನ್ನ ಒಪ್ಪಿಗೆ ಪಡೆಯದೆ, ಕಾರಣವನ್ನೂ ತಿಳಿಸದೆ ನನಗೆ ಒಂದು ದಿನದ ರಜೆ ಕೊಡಲಾಯಿತು. ನನಗಾದ ಅನ್ಯಾಯ ಇದು. ರಜೆ ಸಿಕ್ಕಿದ್ದಕ್ಕೆ ಯಾರಾದರೂ ತಕರಾರು ತೆಗೆಯುತ್ತಾರೆಯೇ ಎಂದು ನೀವು ನಗಬಹುದು. ಆದರೆ ನಾನು ತಾಲ್ಲೂಕು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದವನು. ತಾನಾಗಿ ಹಾಕಿದ ರಜೆಗೂ, ಬೇರೆಯವರು ಹಾಕಿಸಿದ ರಜೆಗೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು.

ನಮ್ಮ ಮನೆ ನೊಣವಿನಕೆರೆಯ ಆಚೆ, ತಿಪಟೂರಿನ ಬಸ್ಸು ನಿಲ್ಲುವ ಜಾಗದಿಂದ ಐದು ನಿಮಿಷದ ನಡಿಗೆ. ಇರುವವರು ಐದು ಜನ. ನಾನು, ನನ್ನ ಹೆಂಡತಿ ಗಿರಿಜಾ, ಮಗ ಮಹೇಶ, ಸೊಸೆ ಸುಮಾ, ತಿಪಟೂರಿನಲ್ಲಿ ಪಿಯುಸಿ ಓದುತ್ತಿರುವ ಮೊಮ್ಮಗಳು ಚಿನ್ಮಯಿ. ಮಹೇಶ ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೋಗಿ ಪಂಪ್‌ಸೆಟ್ಟಿನ ಜೊತೆ ಜಗಳವಾಡುವವನು. ಈ ಪ್ರಕರಣದಲ್ಲಿ ಅವನ ಪಾತ್ರವಿಲ್ಲವೆಂದು ವಿಚಾರಣೆಯಿಂದ ತಿಳಿದುಬಂದಿದೆ. ಉಳಿದ ಮೂವರ ಬಗ್ಗೆ ಹಾಗೆ ಹೇಳಲಾರೆ.

ಈ ಮನೆಯಲ್ಲಿ ನನಗಿರುವ ಕೆಲಸ ಒಂದೇ. ದಿನವೂ ಬೆಳಿಗ್ಗೆ ಒಂದು ತೆಂಗಿನಕಾಯಿ ಒಡೆದು, ತುರಿಮಣೆಯ ಮೇಲೆ ಕುಳಿತು, ಎರಡು ಹೋಳನ್ನೂ ತುರಿದು ಕೊಡುವುದು. ನಮ್ಮ ಕಡೆ ಚಟ್ನಿಗೆ ಕಾಯಿ ಬೇಕು, ಪಲ್ಯಕ್ಕೆ ಬೇಕು, ಸಾರಿಗೆ ಬೇಕು, ಏನೂ ಇಲ್ಲದ ದಿನ ಬಿಸಿ ಅನ್ನದ ಮೇಲೆ ಉದುರಿಸಿಕೊಳ್ಳಲಿಕ್ಕೂ ಬೇಕು. ಆದ್ದರಿಂದ ಈ ಕೆಲಸವನ್ನು ಸಣ್ಣದೆಂದು ಭಾವಿಸಬಾರದು. ನಾನು ಕುಳಿತು ಏಳುವವರೆಗೆ ನಮ್ಮ ಒಲೆಯ ಮೇಲೆ ಏನೂ ಮುಂದುವರಿಯುವುದಿಲ್ಲ.

ಅಂದು ನಾನು ಮುಖ ತೊಳೆದು ಮಣೆಯ ಕಡೆ ಹೊರಟಾಗ ಚಿನ್ಮಯಿ ಫೋನು ಹಿಡಿದುಕೊಂಡು ದಾರಿಗೆ ಅಡ್ಡ ನಿಂತಳು.

"ತಾತ, ಇವತ್ತು ಮನೆಗೆಲಸ ತಪ್ಪಿಸ್ಕೊಳ್ಳೋ ದಿನ ಅಂತೆ. ಹೊರದೇಶ್ದಲ್ಲಿ ಎಲ್ರೂ ಮಾಡ್ತಾರಂತೆ. ನಮ್ಮನೇಲೂ ಮಾಡಾಣ."

"ಏನು ಮಾಡುವುದು?"

"ಏನೂ ಮಾಡ್ದೆ ಇರೋದು. ಒಬ್ಬೊಬ್ರು ಒಂದೊಂದ್ ಕೆಲ್ಸ ಬುಡೋದು. ಅಜ್ಜಿ ಬಾಗ್ಲು ಗುಡ್ಸಲ್ಲ. ಅಮ್ಮ ಪಾತ್ರೆ ತೊಳ್ಯಲ್ಲ. ನಾನು ಹಾಸ್ಗೆ ಮಡ್ಚಲ್ಲ. ನೀವು ಕಾಯಿ ತುರಿಯಂಗಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಗಿರಿಜಾ ಮತ್ತು ಸುಮಾ ಒಟ್ಟಿಗೆ ನಿಂತಿದ್ದರು. ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಅಷ್ಟು ಸೌಹಾರ್ದದಿಂದ ನಿಂತದ್ದನ್ನು ನಾನು ಈ ಹಿಂದೆ ನೋಡಿರಲಿಲ್ಲ. ಸಂಶಯದ ಮೊದಲ ಬೀಜ ಅಲ್ಲಿಯೇ ಬಿತ್ತು.

"ಒಂದ್ ದಿನ ಸುಮ್ಕೆ ಕೂತ್ಕೊಳ್ರೀ," ಎಂದಳು ಗಿರಿಜಾ. "ಪೇಪರ್ ಓದಿ."

"ಪೇಪರು ಎಂಟು ಗಂಟೆಗೆ ಬರುತ್ತದೆ."

"ನಿನ್ನೇದ್ ಓದಿ ಮಾವ," ಎಂದಳು ಸುಮಾ. ಆಮೇಲೆ ಇಬ್ಬರೂ ತಮ್ಮತಮ್ಮಲ್ಲೇ ಏನೋ ಹೇಳಿಕೊಂಡರು. ಈಚೆಗೆ ನಮ್ಮ ಮನೆಯಲ್ಲಿ ಎಲ್ಲರೂ ಬಾಯೊಳಗೇ ಮಾತಾಡುವುದು ಹೆಚ್ಚಾಗಿದೆ. ಟಿವಿಯಲ್ಲಿ ವಾರ್ತೆ ಓದುವವರಿಗೂ ಅದೇ ಚಾಳಿ ಬಂದಿದೆ. ಇದನ್ನು ನಾನು ಹಲವು ಸಲ ಆಕ್ಷೇಪಿಸಿದ್ದೇನೆ.

ನಿನ್ನೆಯ ಪೇಪರು ಹಿಡಿದು ಜಗುಲಿಯಲ್ಲಿ ಕುಳಿತೆ. ಓದಿದೆ ಎಂದು ಹೇಳಲಾರೆ. ಗಮನಿಸಿದೆ. ಏಳು ಗಂಟೆಗೆ ಬಾಗಿಲು ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟಾಗಿತ್ತು. ಏಳೂಕಾಲಿಗೆ ಹಿತ್ತಲಲ್ಲಿ ಪಾತ್ರೆಗಳು ತೊಳೆದು ಬೋರಲು ಬಿದ್ದಿದ್ದವು. ಏಳೂವರೆಗೆ ಒಳಗೆ ಹೋಗಿ ನೋಡಿದರೆ, ಹದಿನೇಳು ವರ್ಷದಲ್ಲಿ ಒಮ್ಮೆಯೂ ತಾನಾಗಿ ಹಾಸಿಗೆ ಮಡಚದ ಹುಡುಗಿ ಅಂದು ಕಂಬಳಿಯ ನಾಲ್ಕು ಮೂಲೆಯನ್ನೂ ಸರಿಹೊಂದಿಸಿ ಮಡಚಿಟ್ಟಿದ್ದಳು. ಇಡೀ ಮನೆಯಲ್ಲಿ ಹಬ್ಬವನ್ನು ನಿಯಮದಂತೆ ಆಚರಿಸುತ್ತಿದ್ದದ್ದು ಗೋಡೆಗೆ ಒರಗಿದ್ದ ನನ್ನ ತುರಿಮಣೆ ಮಾತ್ರ.

ರಜೆ ಎಲ್ಲರ ಹೆಸರಿನಲ್ಲಿ ಹೊರಟಿತ್ತು, ಜಾರಿಯಾದದ್ದು ನನ್ನ ಮೇಲೆ. ಇದರ ಅರ್ಥ ನನಗೆ ಬೇಗ ಹೊಳೆಯಿತು. ಏಕೆಂದರೆ ಇಂಥ ರಜೆಯನ್ನು ನಾನೇ ಒಬ್ಬರಿಗೆ ಕೊಟ್ಟಿದ್ದೆ.

ನಮ್ಮ ಕಚೇರಿಯಲ್ಲಿ ರಂಗಯ್ಯ ಎಂಬ ದಫೇದಾರನಿದ್ದ. ಲಕೋಟೆಗಳಿಗೆ ಅರಗಿನ ಮುದ್ರೆ ಒತ್ತುವುದು ಅವನ ಕೆಲಸ. ನಿವೃತ್ತಿಗೆ ಇನ್ನೂ ಸಮಯವಿತ್ತು, ಕೈ ಮಾತ್ರ ನಡುಗಲು ತೊಡಗಿತ್ತು. ಅರಗು ಲಕೋಟೆಯ ಮೇಲೆ ಬೀಳುವ ಬದಲು ಮೇಜಿನ ಮೇಲೆ ಬೀಳುತ್ತಿತ್ತು. ನಾನು ಬೈಯಲಿಲ್ಲ. "ರಂಗಯ್ಯ, ನಾಳೆ ಮನೆಯಲ್ಲಿರಿ, ದಣಿದಿದ್ದೀರಿ," ಎಂದೆ. ಮುಂದಿನ ವಾರ ಇನ್ನೊಂದು ದಿನ. ಅದರ ಮುಂದಿನ ವಾರ ಮುದ್ರೆಯ ಡಬ್ಬಿಯನ್ನು ಬೇರೆಯವನ ಮೇಜಿಗೆ ಸಾಗಿಸಿದೆ. ಅವನು ನನ್ನೆದುರು ಬಂದು ನಿಂತು, "ಸ್ವಾಮಿ, ನನ್ನಿಂದ ಏನಾರ ತಪ್ಪಾಯ್ತಾ?" ಎಂದು ಕೇಳಿದ. ಇಲ್ಲವೆಂದೆ. ಅವನು ಹೋದ. ನಾನು ಬಹಳ ದಯಾವಂತನೆಂದು ಆ ಸಂಜೆ ನನಗೇ ಅನ್ನಿಸಿತ್ತು. ಮೊನ್ನೆ ಭಾನುವಾರ ಜಗುಲಿಯಲ್ಲಿ ಕುಳಿತು ಆ ದಯೆಯನ್ನು ಇನ್ನೊಂದು ಕಡೆಯಿಂದ ನೋಡಿದೆ.

ಈ ಮಣೆ ನನ್ನ ಪಾಲಿಗೆ ಬಂದ ಬಗೆಯನ್ನು ಇಲ್ಲಿ ಹೇಳಬೇಕು. ಮದುವೆಯಾದ ಹೊಸದರಲ್ಲಿ ಗಿರಿಜಾ ಕಾಯಿ ತುರಿದರೆ ತುರಿಯಲ್ಲಿ ಕಂದು ಚುಕ್ಕೆಗಳು ಬೀಳುತ್ತಿದ್ದವು. ಬಿಳಿಯ ತಿರುಳು ಮುಗಿದ ಮೇಲೂ ಕೈ ನಿಲ್ಲಿಸದೆ, ಚಿಪ್ಪಿಗೆ ಅಂಟಿದ ಕಂದು ಸಿಪ್ಪೆಯವರೆಗೂ ಹೆರೆಯುವುದು ಅವಳ ಅಭ್ಯಾಸ. ಒಂದು ಬೆಳಿಗ್ಗೆ ನಮ್ಮ ತಾಯಿ ಚಟ್ನಿಯ ಬಟ್ಟಲನ್ನು ಬೆಳಕಿಗೆ ಹಿಡಿದು, ಬಂದಿದ್ದ ನೆಂಟರ ಎದುರಿಗೇ, "ಚಿಪ್ಪುನ್ನೂ ಬುಡಾಕಿಲ್ಲ ಕಣವ್ವ ನಮ್ ಸೊಸೆ. ಅವ್ರ ಹಟ್ಟೀಲಿ ಕಾಯಿಗೆ ಅಷ್ಟೊಂದು ಬರವೋ ಏನೋ," ಎಂದರು. ಅಲ್ಲಿದ್ದವರೆಲ್ಲ ನಕ್ಕರು. ಗಿರಿಜಾ ತಲೆಯೆತ್ತಲಿಲ್ಲ. ನನಗೆ ಆಗ ಇಪ್ಪತ್ತೇಳು. ಎದ್ದು ಹೋಗಿ ಮಣೆಯ ಮೇಲೆ ಕುಳಿತು, "ನಾಳೆಯಿಂದ ಕಾಯಿ ನಾನು ತುರಿಯುತ್ತೇನೆ," ಎಂದೆ.

ಆ ಕಾಲದಲ್ಲಿ ಗಂಡಸು ತುರಿಮಣೆಯ ಮೇಲೆ ಕುಳಿತರೆ ಊರಿಗೆ ತಿಂಗಳುಗಟ್ಟಲೆ ಮಾತಿಗೆ ಮೇವು. ಹಂದನಕೆರೆಯ ನನ್ನ ಭಾವಮೈದ ನಮ್ಮ ಪಡಸಾಲೆಯಲ್ಲೇ ಕುಳಿತು, "ಏನ್ ಭಾವ, ತುರಿಮಣೆ ಇಲಾಖೆಗೆ ವರ್ಗ ಆಯ್ತಂತೆ?" ಎಂದು ಕೇಳಿದ. ಅದಾಗಿ ನಲವತ್ತು ವರ್ಷ ದಾಟಿದೆ. ಅಂದು ಅವನು ತೊಟ್ಟಿದ್ದ ಅಂಗಿಯ ಬಣ್ಣವೂ ನನಗೆ ನೆನಪಿದೆ. ಹಸಿರು, ಮೇಲೆ ಸಣ್ಣ ಚೌಕಳಿ.

ಮುಂದೆ ಅದೇ ಭಾವಮೈದ ಒಂದು ಸಲ ಬಂದಾಗ, ಯಾರೋ ಆರಿಸಿ ತಂದ ಕೆಟ್ಟ ಕಾಯಿಯ ತಪ್ಪನ್ನು ನನ್ನ ತಲೆಗೆ ಕಟ್ಟಿದ. ಅಂದಿನಿಂದ ನಾನು ಆರಿಸಿದ ಕಾಯಿಯ ಮೇಲೆ, ಮೂರು ಕಣ್ಣುಗಳ ನೇರಕ್ಕೆ, ಸುಣ್ಣದಲ್ಲಿ ಒಂದು ಗೆರೆ ಎಳೆದಿಡುತ್ತೇನೆ. ಸುಣ್ಣ ಗಿರಿಜಾಳ ಎಲೆಅಡಿಕೆ ಡಬ್ಬಿಯದು. ಗೆರೆ ನನ್ನದು. ಗೆರೆಯಿದ್ದರೆ ಜವಾಬ್ದಾರಿ ನನ್ನದು, ಇಲ್ಲದಿದ್ದರೆ ಅಲ್ಲ.

ಕಾಯಿ ಆರಿಸುವುದೆಂದರೇನು ಎಂದು ಹೊರಗಿನವರು ಕೇಳಬಹುದು. ನಮ್ಮ ಸೀಮೆಯಲ್ಲಿ ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಹಾಗೆಯೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಇಡಿಯಾದ ಉಂಡೆ ಕೊಬ್ಬರಿಯಾಗುತ್ತದೆ. ಹೊಸ ಕಾಯಿ ಅಡುಗೆಗೆ, ಒಣಗಿದ್ದು ಪೇಟೆಗೆ. ಎರಡರ ನಡುವೆ ಇರುವ ಕಾಯಿ ಯಾವುದಕ್ಕೂ ಅಲ್ಲ. ಅದನ್ನು ಒಡೆದರೆ ತುರಿ ಜಿಡ್ಡು ಜಿಡ್ಡಾಗಿ, ಎಣ್ಣೆಯ ಕಮಟು ವಾಸನೆ ಬರುತ್ತದೆ, ಆಗಬೇಕಿದ್ದ ಕೊಬ್ಬರಿಯೂ ಹಾಳು. ಹೊರಗಿನಿಂದ ನೋಡಿದರೆ ಮೂರೂ ಒಂದೇ. ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರೆ ಮಾತ್ರ ತಿಳಿಯುವುದು.

ಇದನ್ನು ನನಗೆ ಕಲಿಸಿದವರು ನಮ್ಮ ತಾತ. ಎಂಟು ವರ್ಷದವನಿದ್ದಾಗ ಕಾಯಿನೀರಿನ ಆಸೆಗೆ ಅಟ್ಟ ಹತ್ತಿ ಒಂದು ಕಾಯಿ ಒಡೆದೆ. ನೀರು ಎರಡು ಗುಟುಕೂ ಇರಲಿಲ್ಲ. ಸದ್ದು ಕೇಳಿ ಏಣಿಯ ಮೇಲೆ ತಾತನ ತಲೆ ಕಾಣಿಸಿತು. "ಕೊಬ್ರಿ ಆಗೋ ಕಾಯಿನ ಬಸುರಲ್ಲೇ ಕೊಂದ್ಯಲ್ಲೋ," ಎಂದರು. ಹೊಡೆಯಲಿಲ್ಲ. ಕೆಳಗಿಳಿದು ಏಣಿಯನ್ನು ಪಕ್ಕಕ್ಕೆ ಸರಿಸಿ, "ಒಂದೊಂದಾಗಿ ಅಲ್ಲಾಡ್ಸು. ನೀರಿನ್ ಕಾಯಿ ಯಾವ್ದು, ಕೊಬ್ರಿ ಯಾವ್ದು, ನಡುಮಧ್ಯದ್ದು ಯಾವ್ದು, ಮೂರು ಗುಡ್ಡೆ ಮಾಡು. ಆಮ್ಯಾಕೆ ಇಳಿವಂತೆ," ಎಂದರು. ಧೂಳು, ಹೊಗೆಯ ವಾಸನೆ, ಹೆಂಚಿನ ಸಂದಿಯ ಒಂದು ಬಿಸಿಲುಕೋಲು, ಮತ್ತು ನಾನು. ನೀರಿನ ಕಾಯಿ ಗುಳುಗುಳು ಎನ್ನುತ್ತದೆ. ಕೊಬ್ಬರಿ ಗಡಗಡ ಎನ್ನುತ್ತದೆ. ನಡುವಿನದು ಏನೋ ಹೇಳಲು ಹೋಗಿ ಸುಮ್ಮನಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕಿವಿ ತಯಾರಾಗಿತ್ತು. ಆಮೇಲೆ ಅದು ಒಮ್ಮೆಯೂ ತಪ್ಪಿಲ್ಲ. ಹಾಗೆಂದು ನಾನು ಕಳೆದ ಭಾನುವಾರದವರೆಗೆ ಎಲ್ಲರಿಗೂ ಹೇಳುತ್ತಿದ್ದೆ.

ಆ ಕಿವಿಯಿಂದಲೇ ಶನಿವಾರ ಸಂಜೆಯೂ, ಪಡಸಾಲೆಯ ಮೂಲೆಯಲ್ಲಿ ಮಹೇಶ ಅಟ್ಟದ್ದನ್ನೂ ತೋಟದ್ದನ್ನೂ ಸೇರಿಸಿ ಸುಲಿದು ಹಾಕಿದ್ದ ಗುಡ್ಡೆಯಿಂದ ಒಂದನ್ನು ಆರಿಸಿ, ಗೆರೆ ಎಳೆದು, ಅಡುಗೆಮನೆಯ ಹೊಸ್ತಿಲ ಬಳಿ ಇಟ್ಟಿದ್ದೆ. ಭಾನುವಾರ ಬೆಳಿಗ್ಗೆ ಅದು ಅಲ್ಲಿರಲಿಲ್ಲ.

ಎಂಟೂವರೆಗೆ ತಿಂಡಿ ಬಂತು. ಉಪ್ಪಿಟ್ಟು, ಪಕ್ಕದಲ್ಲಿ ಚಟ್ನಿ, ಉಪ್ಪಿಟ್ಟಿನ ಮೇಲೆ ಧಾರಾಳವಾಗಿ ಕಾಯಿತುರಿ. ನನಗೆ ರಜೆ, ಮಣೆಗೆ ರಜೆ, ತುರಿ ಮಾತ್ರ ಹಾಜರು. ಕನ್ನಡಕ ಹಾಕಿಕೊಂಡು ತಟ್ಟೆಯನ್ನು ಬೆಳಕಿಗೆ ತಿರುಗಿಸಿದೆ. ಬಿಳಿಯ ತುರಿಯ ನಡುವೆ ಅಲ್ಲಲ್ಲಿ ಕಂದು ಚುಕ್ಕೆ.

ನಲವತ್ತು ವರ್ಷಕ್ಕೂ ಮಿಕ್ಕಿ ಆ ಚುಕ್ಕೆಗಳನ್ನು ನಾನು ನೋಡಿರಲಿಲ್ಲ. ಆದರೂ ಹಳೆಯ ಕಡತದಲ್ಲಿ ಪರಿಚಿತ ಅಕ್ಷರ ಕಂಡಂತಾಯಿತು. ತಲೆಯೆತ್ತಿ ಗಿರಿಜಾಳನ್ನು ನೋಡಿದೆ.

"ಯಾಕ್ರೀ, ಉಪ್ಪು ಕಮ್ಮಿ ಆಯ್ತಾ?"

"ಕಾಯಿ ಯಾರು ತುರಿದದ್ದು?"

"ಯಾವ್ ಕಾಯಿ?" ಎಂದಳು. ಅವಳ ಕಣ್ಣೆದುರಿಗೇ ಇತ್ತು ತಟ್ಟೆ.

ನಾನು ಮುಂದೆ ಕೇಳಬೇಕೆನ್ನುವಷ್ಟರಲ್ಲಿ ಪಕ್ಕದ ಮನೆಯ ಗಂಗಕ್ಕ ಬೇಲಿಯ ಆಚೆಯಿಂದ ಕೂಗಿದರು. ಗಂಗಕ್ಕನದು ನೊಣವಿನಕೆರೆಯಲ್ಲಿ ಹೊರಟ ಬಸ್ಸನ್ನು ನಮ್ಮೂರಿನಿಂದ ನಿಲ್ಲಿಸಬಲ್ಲ ಗಂಟಲು. "ಗಿರಿಜಕ್ಕಾ, ಕೊಟ್ಟಿದ್ ಕಾಯಿ ಸಾಕಾಯ್ತಾ? ನಮ್ ತುರಿಮಣೆ ವಾಪಸ್ ಕೊಡವ್ವ, ನಮ್ಮನೇಲೂ ತಿಂಡಿ ಆಗ್ಬೇಕು! ಅಲ್ಲ ಕಣೇ, ಅಟ್ಟ ತುಂಬ ಕಾಯಿ ಮಡಿಕ್ಕೊಂಡು ನಮ್ಮನೇಗ್ ಬಂದ್ಯಲ್ಲ, ಏನ್ ಕಾಲ ಬಂತೇ!"

ಸುಮಾ ನೀರು ತರುವ ನೆಪದಲ್ಲಿ ಒಳಗೆ ಹೋದಳು. ನೀರು ನನ್ನೆದುರಿಗೇ ಇತ್ತು. ಚಿನ್ಮಯಿ ಫೋನಿನಲ್ಲಿ ಮುಳುಗಿದಳು. ಫೋನಿನ ಪರದೆ ಕಪ್ಪಗಿತ್ತು. ನಮ್ಮ ಮನೆಗೆ, ನಮ್ಮ ಸೀಮೆಯಲ್ಲಿ, ಪಕ್ಕದ ಮನೆಯಿಂದ ತೆಂಗಿನಕಾಯಿ ಕಡ! ಹಾಲಿನ ಡೈರಿಗೆ ಹೊರಗಿನಿಂದ ಹಾಲು ತರಿಸಿದಂತೆ. ನಾನು ಉಪ್ಪಿಟ್ಟನ್ನು ಪೂರ್ತಿ ತಿಂದೆ, ಏಕೆಂದರೆ ಸಾಕ್ಷ್ಯವನ್ನು ಹೊರತುಪಡಿಸಿದರೆ ಅದು ಚೆನ್ನಾಗಿತ್ತು. ಕೈ ತೊಳೆದು, ಯಾರಿಗೂ ಹೇಳದೆ, ಮಾಯವಾದ ನನ್ನ ಗೆರೆಯ ಕಾಯಿಯನ್ನು ಹುಡುಕಲು ಹೊರಟೆ.

ಅಡುಗೆಮನೆಯಲ್ಲಿ ಇರಲಿಲ್ಲ. ಅಟ್ಟದ ಏಣಿಯ ಕೆಳಗೆ ಇರಲಿಲ್ಲ. ಕೊಟ್ಟಿಗೆಯಲ್ಲಿ, ಹಿಂಡಿಯ ಡ್ರಮ್ಮಿನ ಹಿಂದೆ, ಗೋಣಿ ಮುಚ್ಚಿದ ಒಂದು ಬಿದಿರಿನ ಮಂಕರಿಯಿತ್ತು. ಗೋಣಿ ಎತ್ತಿದೆ. ಮೇಲುಗಡೆ ಶನಿವಾರದ ನನ್ನ ಕಾಯಿ, ಸುಣ್ಣದ ಗೆರೆಯ ಸಮೇತ. ಅದರ ಕೆಳಗೆ ಇನ್ನೊಂದು, ಅದರ ಮೇಲೂ ಗೆರೆ. ಅದರ ಕೆಳಗೆ ಇನ್ನೊಂದು. ಮಂಕರಿ ಬುಡದವರೆಗೂ ನನ್ನ ಗೆರೆಗಳೇ. ಕೆಲವು ಸುಣ್ಣ ಉದುರಿ ಮಾಸಿದ್ದವು, ಕೆಲವು ಹೊಸವು. ನಾನು ಆರಿಸಿದ್ದೆನೆಂದೂ, ಮರುದಿನ ಬೆಳಿಗ್ಗೆ ನಾನೇ ಒಡೆದು ತುರಿದೆನೆಂದೂ ನಂಬಿದ್ದ ಕಾಯಿಗಳು ಇಡಿಯಾಗಿ ನನ್ನೆದುರು ಕುಳಿತಿದ್ದವು.

ಮೇಲಿನದನ್ನು ಎತ್ತಿ ಎಡಗಿವಿಗೆ ಹಿಡಿದು ಅಲ್ಲಾಡಿಸಿದೆ. ಏನೂ ಇಲ್ಲ. ಬಲಗಿವಿಗೆ ಹಿಡಿದೆ. ನೀರಿನ ಸದ್ದೇ ಅನ್ನಿಸಿತು. ಬುಡದ ಒಂದನ್ನು ಎತ್ತಿ ಅಲ್ಲಾಡಿಸಿದೆ. ಅದೂ ಹಾಗೆಯೇ. ಆದರೆ ಈ ಸಲ ಕೈಗೆ ಗೊತ್ತಾಯಿತು. ಒಳಗೆ ಉಂಡೆ ಗಟ್ಟಿಯಾಗಿ ಉರುಳಿ ಚಿಪ್ಪಿಗೆ ಬಡಿಯುತ್ತಿತ್ತು. ಅಂಗೈಗೆ ತಿಳಿದದ್ದು ಕಿವಿಗೆ ತಿಳಿದಿರಲಿಲ್ಲ.

ಹಿಂದೆ ಚಿನ್ಮಯಿ ನಿಂತಿದ್ದಳು. ಯಾವಾಗ ಬಂದಳೋ ಅದೂ ನನಗೆ ಕೇಳಿಸಿರಲಿಲ್ಲ.

"ತಾತ, ನಾನ್ ಹೇಳ್ದೆ ಅಂತ ಅಜ್ಜಿಗ್ ಹೇಳ್ಬಾರ್ದು."

"ನೀನು ಇನ್ನೂ ಏನೂ ಹೇಳಿಲ್ಲ."

ಹೇಳಿದಳು. ನಾನು ಸಂಜೆ ಇಡುವ ಕಾಯಿಯನ್ನು ಗಿರಿಜಾ ಬೆಳಿಗ್ಗೆ ನನಗಿಂತ ಮೊದಲು ಎದ್ದು ಅಲ್ಲಾಡಿಸಿ ನೋಡುತ್ತಾಳೆ. ಸರಿಯಿದ್ದರೆ ಬಿಡುತ್ತಾಳೆ. ನಡುಮಧ್ಯದ್ದಾಗಿದ್ದರೆ ಅದನ್ನು ಕೊಬ್ಬರಿಯಾಗಲೆಂದು ಮಂಕರಿಗೆ ಹಾಕಿ, ಹೊಸ ಕಾಯಿಯೊಂದನ್ನು ಅದೇ ಜಾಗದಲ್ಲಿಟ್ಟು, ಅದರ ಮೇಲೆ ನನ್ನಂತೆಯೇ ಗೆರೆ ಎಳೆಯುತ್ತಾಳೆ. ಎರಡು ವಾರದಿಂದ ಕಾಯಿ ಕೀಳುವವರು ಬಂದಿರಲಿಲ್ಲ. ಶನಿವಾರಕ್ಕೆ ಮನೆಯಲ್ಲಿದ್ದ ಹೊಸ ಕಾಯಿ ಮುಗಿಯಿತು. ಭಾನುವಾರ ಬದಲಿಸಿಡಲು ಏನೂ ಉಳಿಯಲಿಲ್ಲ.

"ಅದಕ್ಕೆ ಫೋನ್ ನೋಡಿ ರಜಾ ಹುಡುಕ್ದೆ ತಾತ. ಗಂಗಜ್ಜಿ ಮನೆ ಕಾಯಿನ ನಿಮ್ ಮುಂದೆ ಇಟ್ರೆ, ಅದರ ಜುಟ್ಟು ನೋಡೇ ಕಂಡುಹಿಡೀತೀರಾ ಅಂತ ಅಜ್ಜಿಗೆ ಭಯ."

ಸರಿಯಾದ ಭಯವೇ. ಕಂಡುಹಿಡಿಯುತ್ತಿದ್ದೆ.

"ಎಷ್ಟು ದಿನದಿಂದ ಇದು?"

"ಹೋದ್ ವರ್ಷ ಗೌರಿ ಹಬ್ಬದಿಂದ."

ನನಗೆ ಎಲ್ಲವೂ ನೆನಪಿರುತ್ತದೆ ಎಂದು ಆಗಲೇ ಸೂಚಿಸಿದ್ದೇನೆ. ಆ ಗೌರಿ ಹಬ್ಬಕ್ಕೆ ಕಾಯಿ ಹೋಳಿಗೆ. ಹತ್ತು ಕಾಯಿ ಆರಿಸಿ, ಒಡೆದು, ನಾನೇ ತುರಿದಿದ್ದೆ. ಕೆಲವಕ್ಕೆ ನೀರು ಕಡಿಮೆ ಇತ್ತು, ತುರಿ ಬೆರಳಿಗೆ ಅಂಟುತ್ತಿತ್ತು. ಬೇಸಿಗೆಯಲ್ಲಿ ಬಲಿತ ಕಾಯಿ, ಹಾಗಿರುತ್ತದೆ ಎಂದುಕೊಂಡೆ. ಊಟಕ್ಕೆ ಕುಳಿತವರಲ್ಲಿ ಯಾರೂ ಎರಡನೆಯ ಹೋಳಿಗೆ ಕೇಳಲಿಲ್ಲ. ನಾನು ಒಂದು ಚೂರು ಬಾಯಿಗಿಟ್ಟು, ನೆಂಟರ ಎದುರಿಗೇ, "ಸುಮಾ, ಏಲಕ್ಕಿ ಮುಗ್ಗಲು ಹಿಡಿದಿದೆ, ನೋಡಿಕೊಂಡು ಹಾಕಬಾರದೇ?" ಎಂದಿದ್ದೆ. "ಇರ್ಬೋದು ಮಾವ," ಎಂದಿದ್ದಳು ಸುಮಾ. ತಲೆಯೆತ್ತಲಿಲ್ಲ.

ನಮ್ಮ ತಾಯಿ ಚಟ್ನಿಯ ಬಟ್ಟಲನ್ನು ಬೆಳಕಿಗೆ ಹಿಡಿದದ್ದನ್ನು ಇಷ್ಟು ವರ್ಷ ಜೋಪಾನ ಮಾಡಿಟ್ಟವನು, ನನ್ನ ಬಾಯಿಂದ ಬಂದ ಇದನ್ನು ಒಂದು ವರ್ಷವೂ ಇಟ್ಟುಕೊಂಡಿರಲಿಲ್ಲ. ಕೊಟ್ಟಿಗೆಯಲ್ಲಿ ಹಸು ನನ್ನ ಕಡೆ ತಿರುಗಿ ನೋಡಿತು. ಅದಕ್ಕೂ ವಿಷಯ ಗೊತ್ತಿತ್ತೆಂದು ಕಾಣುತ್ತದೆ.

"ನನಗೇ ನೇರವಾಗಿ ಹೇಳಬಹುದಾಗಿತ್ತಲ್ಲ?"

"ಅಪ್ಪ ಹೇಳ್ತೀನಿ ಅಂದಿದ್ರು. ಅಮ್ಮ ಮಿಕ್ಸಿಲಿ ತುರ್ಕೊಳಾಣ ಅಂದ್ರು. ಅಜ್ಜಿ ಇಬ್ರಿಗೂ ಬೈದ್ರು. 'ಅವ್ರ ಕಿವಿ ಹೋದ್ರೆ ಹೋಗ್ಲಿ, ಅವ್ರನ್ನ ಮಣೆಯಿಂದ ಎಬ್ಬಿಸ್ಬ್ಯಾಡಿ' ಅಂದ್ರು."

ಮಹೇಶನ ಪಾತ್ರವಿಲ್ಲವೆಂದು ಮೇಲೆ ಬರೆದದ್ದನ್ನು ಇಷ್ಟರ ಮಟ್ಟಿಗೆ ತಿದ್ದಿಕೊಳ್ಳಬೇಕು.

ಗೋಣಿಯನ್ನು ಮೊದಲಿದ್ದಂತೆ ಮುಚ್ಚಿದೆ. ಒಳಗೆ ಹೋಗಿ ಸುಮಾಳಿಗೆ, "ಅಂದು ಏಲಕ್ಕಿ ಚೆನ್ನಾಗಿಯೇ ಇತ್ತು," ಎಂದೆ. ಅವಳು ಕೈಯಲ್ಲಿದ್ದ ಸೌಟನ್ನು ಹಾಗೆಯೇ ಹಿಡಿದುಕೊಂಡು, "ಯಾವ್ ಏಲಕ್ಕಿ ಮಾವ?" ಎಂದಳು. ನಮ್ಮ ಮನೆಯ ಹೆಂಗಸರಿಗೆ ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರಿಸುವ ವಿದ್ಯೆಯನ್ನು ಯಾರು ಕಲಿಸಿದರೋ ಕಾಣೆ. ಆದರೆ ಆ ಮಧ್ಯಾಹ್ನ ನನ್ನ ಎಲೆಗೆ ತುಪ್ಪ ಒಂದು ಚಮಚ ಹೆಚ್ಚು ಬಿತ್ತು.

ಇಷ್ಟಾದರೂ ನನ್ನ ಕೋಪ ಇಳಿದಿದೆಯೆಂದು ತಿಳಿಯಬಾರದು. ಶಿರಸ್ತೇದಾರನೊಬ್ಬನ ಗುರುತನ್ನು ಅವನ ಮನೆಯಲ್ಲೇ, ಅವನ ಮೂಗಿನ ಕೆಳಗೇ, ಒಂದು ವರ್ಷ ನಕಲು ಮಾಡಲಾಗಿದೆ. ಸಾವಿರಾರು ಸಹಿಗಳನ್ನು ತಾಳೆ ನೋಡಿದ ಕಣ್ಣಿಗೆ ಅದು ತಿಳಿಯಲಿಲ್ಲ. ಇದು ಸಣ್ಣ ಸಂಗತಿಯಲ್ಲ. ಆದ್ದರಿಂದ ಒಂದು ಪರೀಕ್ಷೆ ಮಾಡಿದೆ.

ಸೋಮವಾರ ಬೆಳಗಾಗುತ್ತಲೇ ಕಾಯಿ ಕೀಳುವವರು ಬಂದರು. ಪಡಸಾಲೆಯಲ್ಲಿ ಹೊಸ ಕಾಯಿಯೂ ಬಿತ್ತು. ಸಂಜೆ ಎಂದಿನಂತೆ ಗುಡ್ಡೆಯ ಮುಂದೆ ಕುಳಿತು, ಎಲ್ಲರಿಗೂ ಕಾಣುವಂತೆ ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿ, ತಲೆದೂಗಿ, ಒಂದನ್ನು ಆರಿಸಿದೆ. ಎಲೆಅಡಿಕೆ ಡಬ್ಬಿಯ ಕಡೆ ಕೈ ಚಾಚಿದೆ, ಆದರೆ ಸುಣ್ಣ ತೆಗೆಯಲಿಲ್ಲ. ಗೆರೆ ಎಳೆಯದೆಯೇ ಕಾಯಿಯನ್ನು ಹೊಸ್ತಿಲ ಬಳಿ, ಕಣ್ಣುಗಳು ಗೋಡೆಯ ಕಡೆ ಇರುವಂತೆ ಇಟ್ಟು ಮಲಗಿದೆ.

ಮಂಗಳವಾರ ಬೆಳಿಗ್ಗೆ ಮಣೆ ಹಾಕಿಕೊಂಡು ಕುಳಿತು, ಕಾಯಿ ಎತ್ತಿಕೊಂಡೆ. ಅಡುಗೆಮನೆಯಲ್ಲಿ ಮೂವರೂ ಇದ್ದರು. ಗಿರಿಜಾ ನನಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದಳು. ಅವಳ ತೋರುಬೆರಳ ತುದಿ ಬೆಳ್ಳಗಿತ್ತು, ಅದು ಎಲೆಅಡಿಕೆ ಹಾಕುವ ಹೊತ್ತಾಗಿರಲಿಲ್ಲ. ಕಾಯಿ ಒಡೆದೆ. ಲೋಟದ ತುಂಬ ನೀರು ಬಂತು. ತಿರುಳು ಹಾಲಿನಂತಿತ್ತು. ಬಿಳಿಯದು ಮುಗಿಯುವವರೆಗೆ ತುರಿದು, ಕಂದು ಕಾಣಿಸುವ ಮೊದಲೇ ಕೈ ನಿಲ್ಲಿಸಿದೆ.

"ನೋಡ್ದಾ ಚಿನ್ನಿ," ಎಂದಳು ಗಿರಿಜಾ, ಹಿಂತಿರುಗಿ ನೋಡದೆ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ. "ನಿಮ್ ತಾತ ಆರಿಸಿದ್ ಕಾಯಿ ಅಂದ್ರೆ ಹಂಗೆ ಕಣೇ."

ನಾನು ಒಡೆದ ಚಿಪ್ಪಿನ ಕಣ್ಣಿನ ಭಾಗವನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಇದನ್ನು ಬರೆಯುತ್ತಿರುವಾಗ ಅದು ನನ್ನ ಮೇಜಿನ ಮೇಲಿದೆ. ನೀವು ಮೂವರೂ ಇದನ್ನು ಓದುತ್ತೀರೆಂದು ನನಗೆ ಗೊತ್ತು, ಏಕೆಂದರೆ ನನ್ನ ಮೇಜಿನ ಮೇಲಿರುವ ಯಾವುದನ್ನೂ ಈ ಮನೆಯಲ್ಲಿ ಯಾರೂ ಓದದೆ ಬಿಟ್ಟಿಲ್ಲ. ಆದ್ದರಿಂದ ಒಂದೇ ಪ್ರಶ್ನೆ ಕೇಳುತ್ತೇನೆ, ಉತ್ತರಕ್ಕೆ ಅವಸರವಿಲ್ಲ, ನಾಳೆ ಬೆಳಿಗ್ಗೆ ಮಣೆಯ ಹತ್ತಿರ ಬಂದು ಹೇಳಿದರೂ ಆದೀತು: ಸೋಮವಾರ ಸಂಜೆ ನಾನು ಸುಣ್ಣವನ್ನೇ ಮುಟ್ಟಿರಲಿಲ್ಲ, ಗಿರಿಜಾ, ಹಾಗಿದ್ದರೆ ಈ ಚಿಪ್ಪಿನ ಮೇಲಿರುವ ಗೆರೆ ಯಾರದು?